ಸೇ ಬೇರೆ, ಟೆಲ್ ಬೇರೆ

ವಿಮಲಾ ಮಿಸ್ ಎದುರು ಯಾರಾದರೂ ‘ಹಿ ಟೋಲ್ಡ್ ದಟ್...’ ಎಂದು ಶುರು ಮಾಡಿದರೆ ಅವರು ವಾಕ್ಯ ಮುಗಿಯಲು ಬಿಡುತ್ತಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮಾತಾಡಿದವರ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಅಲ್ಲಿ ಇರಬೇಕಾಗಿದ್ದ ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ ಎಂಬಂತೆ ಕೇಳುತ್ತಿದ್ದರು: ‘ಯಾರಿಗೆ?’

ಹೊಸಬರು ಗಾಬರಿಯಾಗಿ ತಾವೂ ಹಿಂದೆ ತಿರುಗಿ ನೋಡುತ್ತಿದ್ದರು. ನಾನಂತೂ ಮೊದಲ ದಿನ ಬೆಂಚಿನ ಕೆಳಗೂ ಬಗ್ಗಿ ನೋಡಿದೆ. ‘ಇಲ್ಲ ಮಿಸ್, ಇಲ್ಲೂ ಯಾರೂ ಇಲ್ಲ’ ಎಂದೆ. ಎಲ್ಲರೂ ನಕ್ಕರು. ಮಿಸ್ ನಗಲಿಲ್ಲ. ‘ಅದೇ ಕಣಪ್ಪ ನಾನು ಹೇಳ್ತಿರೋದು. ಯಾರೂ ಇಲ್ಲ ಅಂದ್ಮೇಲೆ ಅದು ಟೆಲ್ ಅಲ್ಲ, ಸೇ. ಅನ್ನೋಕೆ ಬಾಯಿ ಸಾಕು. ಹೇಳೋಕೆ ಎದುರಿಗೊಂದು ಕಿವಿ ಬೇಕು’ ಎಂದರು.

ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ಅವರ ಪ್ರಪಂಚ. ಮುಂದಿನ ಕೋಣೆ ಸ್ಪೋಕನ್ ಇಂಗ್ಲಿಷ್ ಕ್ಲಾಸು, ಹಿಂದಿನದು ಮನೆ. ಯಾವುದೋ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ ‘ಟೈಮ್ ಟೇಬಲ್‌ನಲ್ಲಿ ಜಾಗ ಇರ್ಲಿಲ್ಲ’ ಎನ್ನುತ್ತಿದ್ದರು. ಪಾಠದ ಹೊತ್ತಿಗೆ ಇಸ್ತ್ರಿಯ ಗೆರೆ ಕಾಣುವ ಹತ್ತಿ ಸೀರೆ, ಹಣೆಗೆ ಸಣ್ಣ ಕುಂಕುಮ, ಕೈಯಲ್ಲಿ ಡಸ್ಟರು. ಡಸ್ಟರು ಬೋರ್ಡಿಗಿಂತ ಹೆಚ್ಚಾಗಿ ಟೇಬಲ್ಲಿಗೆ ಬಳಕೆಯಾಗುತ್ತಿತ್ತು.

ಇಂಗ್ಲಿಷಿನ ಎಷ್ಟೋ ಕ್ರಿಯಾಪದಗಳ ಮೇಲೆ ಅವರಿಗೆ ಅಂಥ ಹಟವಿರಲಿಲ್ಲ. ಆದರೆ ಟೆಲ್ ಎಂಬ ಒಂದು ಪದವನ್ನು ನಮ್ಮ ಬೆಂಗಳೂರಿನವರು ಹಾಳುಮಾಡಿದ್ದೇವೆ ಎಂಬುದು ಅವರ ನಿಜವಾದ ದುಃಖವಾಗಿತ್ತು. ‘ಕನ್ನಡದಲ್ಲಿ ಅನ್ನು ಇದೆ, ಹೇಳು ಇದೆ, ಮಾತಾಡು ಇದೆ. ಎಲ್ಲಾ ಬಿಟ್ಟು ಹೇಳು ಒಂದನ್ನೇ ಹಿಡ್ಕೊಂಡಿದೀರಿ. ಸಾರಿ ಹೇಳಿದೆ, ಹಾಯ್ ಹೇಳಿದೆ, ಬೈ ಹೇಳಿದೆ. ಅದನ್ನೇ ಇಂಗ್ಲಿಷ್ ಮಾಡಿ ಐ ಟೋಲ್ಡ್ ಸಾರಿ, ಐ ಟೋಲ್ಡ್ ಬೈ. ಫೋನ್ ಎತ್ತಿದ್ರೆ ಹಾಂ ಹೇಳಿ ಅನ್ನೋ ಬದಲು ಯಾ, ಟೆಲ್ ಮಿ. ಆ ಕಡೆಯವನು ಇನ್ನೂ ನಮಸ್ಕಾರ ಅಂದಿರಲ್ಲ, ಆಗ್ಲೇ ಅವನ ಕತೆ ಕೇಳೋಕೆ ರೆಡಿ’ ಎಂದು ಕೊರಗುತ್ತಿದ್ದರು. ಒಂದು ಸಲ ನಾನು, ‘ಮಿಸ್, ಹಾಗಾದ್ರೆ ಟೆಲ್ ಎ ಲೈ ಅಂತ ಯಾಕೆ? ಸೇ ಎ ಲೈ ಯಾಕಲ್ಲ?’ ಎಂದು ಕೇಳಿ ಸಿಕ್ಕಿಹಾಕಿಸಿದೆ ಎಂದುಕೊಂಡೆ. ಮಿಸ್ ಯೋಚನೆಯನ್ನೂ ಮಾಡಲಿಲ್ಲ. ‘ಒಬ್ಬನೇ ಕೂತ್ಕೊಂಡು ಸುಳ್ಳು ಹೇಳೋಕಾಗುತ್ತೇನೋ? ಸುಳ್ಳಿಗೂ ನಂಬೋನೊಬ್ಬ ಬೇಕಲ್ಲ.’

ನಾನು ಆ ಕ್ಲಾಸಿಗೆ ಸೇರಿದ್ದಕ್ಕೂ ಒಂದು ಕಾರಣವಿತ್ತು. ನನ್ನ ಹೊಟ್ಟೆಪಾಡು ಮಿಮಿಕ್ರಿ. ರಿಸೆಪ್ಷನ್ನು, ಗಣೇಶೋತ್ಸವ, ಅಣ್ಣಮ್ಮ ದೇವಿಯನ್ನು ಕೂರಿಸಿದ ಕಡೆ ಆರ್ಕೆಸ್ಟ್ರಾ ಮಧ್ಯೆ ಹತ್ತು ನಿಮಿಷ. ಬಸ್ ಕಂಡಕ್ಟರ್, ಪುರೋಹಿತರು, ರೈಲ್ವೆ ಸ್ಟೇಷನ್ ಸ್ಪೀಕರು, ಕುಕ್ಕರ್ ವಿಷಲ್ಲು, ಎಲ್ಲ ಬರುತ್ತದೆ. ನನ್ನ ಸ್ವಂತ ಧ್ವನಿ ಮಾತ್ರ ಮೂಗಿನಿಂದ ಬರುವ ಒಂದು ಬಡಪಾಯಿ ಧ್ವನಿ. ಅದನ್ನು ಸ್ಟೇಜಿಗೆ ತಂದರೆ ಜನ ಊಟಕ್ಕೆ ಏಳುತ್ತಾರೆ. ಜೆ.ಪಿ. ನಗರದ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಕನ್ನಡ ಜೋಕಿಗೆ ಜನ ಪಕ್ಕದವರ ಮುಖ ನೋಡಿಕೊಂಡು ನಗುತ್ತಿದ್ದರು. ಇಂಗ್ಲಿಷ್ ಕಲಿತು ಅವರನ್ನು ನೇರವಾಗಿ ನಗಿಸಬೇಕೆಂದು ಹೊರಟವನು ನಾನು.

ಅಂಥವನು ಮಿಸ್ಸನ್ನು ಬಿಡುತ್ತೇನೆಯೇ? ಒಂದು ಸಂಜೆ ಅವರು ಬರುವುದು ತಡವಾದಾಗ ಡಸ್ಟರು ಹಿಡಿದು ನಿಂತೆ. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದೆ. ‘ಯಾರಿಗೆ?’ ಎಂದೆ. ಕ್ಲಾಸು ಉರುಳಾಡಿ ನಗುತ್ತಿದ್ದದ್ದು ಥಟ್ಟನೆ ನಿಂತಿತು. ತಿರುಗಿದರೆ ಬಾಗಿಲಲ್ಲಿ ಮಿಸ್, ಕೈಯಲ್ಲಿ ತರಕಾರಿ ಚೀಲ.

‘ಇನ್ನೊಂದ್ಸಲ ಮಾಡು’ ಎಂದರು.

ಮಾಡಿದೆ. 

‘ಧ್ವನಿ ಬಂದಿದೆ. ಉಸಿರು ಬಂದಿಲ್ಲ. ಯಾರಿಗೆ ಅನ್ನೋಕ್ ಮುಂಚೆ ನಾನು ಸ್ವಲ್ಪ ಉಸಿರು ಎಳ್ಕೋತೀನಿ, ನಿಮ್ಮ ಇಂಗ್ಲಿಷ್ ಕೇಳಿ ಹೊಟ್ಟೆ ಉರಿದಿರುತ್ತಲ್ಲ, ಅದಕ್ಕೆ. ಆ ಉಸಿರು ಸೇರಿಸು’ ಎಂದು ಚೀಲ ಒಳಗಿಟ್ಟು ಬಂದರು. ನನ್ನ ಕಸುಬಿಗೆ ಯಾರಾದರೂ ಪಾಠ ಹೇಳಿದ್ದು ಅದೇ ಮೊದಲು. ಉಸಿರು ಸೇರಿಸಿದ ಮೇಲೆ ಫೋನಿನಲ್ಲಿ ಕ್ಲಾಸಿನ ಗೆಳೆಯರಿಗೂ ವ್ಯತ್ಯಾಸ ತಿಳಿಯದಷ್ಟು ಕುದುರಿತು.

ಮಿಸ್ ವ್ಯಾಕರಣವನ್ನು ಬೇಕೆಂದೇ ತಪ್ಪಾಗಿ ಹೇಳಿದ್ದನ್ನೂ ನಾನು ಕೇಳಿದ್ದೇನೆ. ನಮ್ಮ ಕ್ಲಾಸಿನ, ಬಾಗಲಕೋಟೆ ಕಡೆಯ ಬಸವರಾಜ ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡು ಎಸಿ ರಿಪೇರಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. ಒಂದು ದಿನ ಮುಖ ಸಣ್ಣದು ಮಾಡಿಕೊಂಡು ಬಂದ. ‘ಮಿಸ್ಸರ, ಮ್ಯಾನೇಜರ್ ನಾಳಿಂದ ಬರಬ್ಯಾಡ ಅಂದ್ರು ರೀ. ಇದು ಸೇ ಏನ್ರಿ, ಟೆಲ್ ಏನ್ರಿ?’

‘ನಿನ್ನ ಮುಖ ನೋಡಿ ಅಂದ್ರಾ?’

‘ಇಲ್ರೀ. ಲ್ಯಾಪ್‌ಟಾಪ್ ನೋಡ್ಕೋತ ಅಂದ್ರು.’

‘ಹಾಗಾದ್ರೆ ಸೇ. ಟೆಲ್ ಅಂತ ಆಗ್ಬೇಕಾದ್ರೆ ನಿನ್ನ ಕಡೆ ತಿರುಗಬೇಕು. ನಾಳೆ ಹೋಗಿ ಅವರ ಎದುರಿಗೆ ನಿಂತ್ಕೊ. ಮುಖ ನೋಡಿ ಇನ್ನೊಂದ್ಸಲ ಅನ್ನಲಿ.’

ಅವನು ಹೋಗಿ ನಿಂತ. ಮ್ಯಾನೇಜರಿಗೆ ತಾನು ಅಂದದ್ದೇ ಮರೆತುಹೋಗಿತ್ತಂತೆ. ಬೊಮ್ಮನಹಳ್ಳಿಯ ಒಂದು ಕಂಪ್ಲೇಂಟಿಗೆ ಹೋಗು ಎಂದು ಕಳಿಸಿದರಂತೆ. ಈ ಸುದ್ದಿ ಕೇಳಿ ಮಿಸ್, ‘ಗ್ರಾಮರ್ ಪ್ರಕಾರ ನಾನು ಹೇಳಿದ್ದು ಶುದ್ಧ ತಪ್ಪು. ಪರೀಕ್ಷೇಲಿ ಹಾಗೆ ಬರೀಬೇಡಿ’ ಎಂದರು.

ಸಂಜೆ ಆರರ ಹೊತ್ತಿಗೆ, ಪಾಠ ಎಲ್ಲಿಗೇ ಬಂದಿರಲಿ, ಅವರ ಫೋನು ಹೊಡೆದುಕೊಳ್ಳುತ್ತಿತ್ತು. ಹನುಮಂತನಗರದಿಂದ ಅವರ ಅಮ್ಮ. ತೊಂಬತ್ತರ ಹತ್ತಿರದ ಮುದುಕಿ, ಕಿರಿಯ ಮಗಳು ಪದ್ಮಾ ಆಂಟಿಯ ಮನೆಯಲ್ಲಿದ್ದರು. ಕಣ್ಣು ಪೂರ್ತಿ ಹೋಗಿತ್ತು. ಮಿಸ್ ಫೋನ್ ಹಿಡಿದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಲ್ಲಿ ಏನು ಮಾತು ನಡೆಯುತ್ತಿತ್ತೋ ನಮಗೆ ಕೇಳಿಸುತ್ತಿರಲಿಲ್ಲ. ಹೊರಗೆ ಬಂದಾಗ ಅವರ ಮುಖ ಸ್ವಲ್ಪ ಎಳೆಯದಾಗಿರುತ್ತಿತ್ತು.

ಆಮೇಲೆ ಅವರ ಧ್ವನಿ ಒಡೆಯತೊಡಗಿತು. ಮೊದಲು ನೆಗಡಿ ಎಂದರು, ಆಮೇಲೆ ಸೀಮೆಸುಣ್ಣದ ಧೂಳು ಎಂದರು. ಒಡೆದ ಧ್ವನಿಯನ್ನೂ ನಾನು ಅಭ್ಯಾಸ ಮಾಡಿಕೊಂಡೆ. ಅವರೇ ಕೇಳಿ, ‘ಅಪ್‌ಡೇಟ್ ಮಾಡ್ಕೊಂಡ್ಯಾ?’ ಎಂದು ನಕ್ಕಿದ್ದರು. ಒಂದು ದಿನ ಕ್ಲಾಸು ಮುಗಿದ ಮೇಲೆ ನನ್ನೊಬ್ಬನನ್ನು ಉಳಿಯಲು ಸನ್ನೆ ಮಾಡಿದರು. ಪದ್ಮಾ ಆಂಟಿಯೂ ಬಂದು ಕೂತಿದ್ದರು.

‘ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆ ತೆಗೀತಾರಂತೆ’ ಎಂದರು ಮಿಸ್, ಬೋರ್ಡಿನ ಮೇಲೆ ನಾಳೆಯ ಪಾಠ ಬರೆಯುವಷ್ಟೇ ನಿರಾಳವಾಗಿ. ‘ಆಮೇಲೆ ಮಾತು ಇರಲ್ಲ.’

ನಾನು ಪದ್ಮಾ ಆಂಟಿಯ ಕಡೆ ನೋಡಿದೆ. 

‘ಅಮ್ಮನಿಗೆ ಗೊತ್ತಾಗಬಾರದು ಅಂತಾಳೆ ಪದ್ಮ. ಹೋದ ವರ್ಷ ಎದೆನೋವು ಬಂದು ಮಲಗಿದ್ದರಲ್ಲ, ಅದಕ್ಕೆ. ಗಾಯ ಆರಿ, ನಾನೇ ಎದ್ದು ಹೋಗಿ ಎದುರಿಗೆ ನಿಲ್ಲೋ ತನಕ...’ ಉಸಿರಿಗೆ ನಿಲ್ಲಿಸಿದರು. ‘ಸಂಜೆ ಫೋನಿಗೆ ನನ್ನ ಧ್ವನಿ ಕೊಡ್ತೀಯಾ?’

‘ಮಿಸ್, ಇದು ಟೆಲ್ ಎ ಲೈ’ ಎಂದೆ.

‘ನೀನು ಬರೀ ಸೇ. ಟೆಲ್ ಮಾಡೋಳು ನಾನು. ಪಾಪ ಬಂದ್ರೆ ನನ್ನ ಲೆಕ್ಕಕ್ಕೆ’ ಎಂದರು. ಪದ್ಮಾ ಆಂಟಿ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿದ್ದಷ್ಟು ದಿನ, ವಿಮಲಾ ಹಳೇ ಟೀಚರುಗಳ ಜೊತೆ ಪ್ರವಾಸ ಹೋಗಿದ್ದಾಳೆ, ಅಲ್ಲಿ ಫೋನ್ ಸಿಗೊಲ್ಲ ಎಂದು ಪದ್ಮಾ ಆಂಟಿ ಅಮ್ಮನಿಗೆ ಹೇಳಿದ್ದರು. ಮಿಸ್ ಮನೆಗೆ ಬಂದಾಗ ಅವರ ಕತ್ತಿನ ಬುಡದಲ್ಲಿ ಒಂದು ರಂಧ್ರವಿತ್ತು, ಅದರ ಮೇಲೊಂದು ತೆಳುವಾದ ಬಿಳಿ ಬಟ್ಟೆ. ಉಸಿರಾಟವೆಲ್ಲ ಈಗ ಅಲ್ಲಿಂದಲೇ. ನಾನು ಮೊದಲ ಸಂಜೆ ಹೋದಾಗ ಅವರು ಹಿಂದಿನ ಕೋಣೆಯ ಬಾಗಿಲು ತೆರೆದು ಒಳಗೆ ಕರೆದರು. ಮಂಚದ ಮೇಲೆ ಒಂದು ಕಲ್ಲಿನ ಸ್ಲೇಟು, ಬಳಪ, ಒದ್ದೆ ಬಟ್ಟೆ. ಫೋನು ಮಾತಿಗೆ ಬೇಕಲ್ಲ, ಬರೆಯಲು ಸ್ಲೇಟೇ ಸರಿ ಎಂದು ತೀರ್ಮಾನಿಸಿದ್ದರು.

ಆರಕ್ಕೆ ಫೋನು ಬಂತು. ಸ್ಪೀಕರಿಗೆ ಹಾಕಿದೆವು.

‘ಬಂದ್ಯೇನೇ? ಏನ್ ಅಡಿಗೆ?’

ಮಿಸ್ ಬರೆದರು. ನಾನು ಉಸಿರೆಳೆದು ಅವರ ಧ್ವನಿಯಲ್ಲಿ ಅಂದೆ: ‘ಹುಳಿ ಅಮ್ಮಾ. ನುಗ್ಗೆಕಾಯಿ ಹಾಕಿದ್ದೆ.’

ಮಿಸ್ ಆಗಲೇ ಮುಂದಿನ ಸಾಲಿಗೆ ಬಳಪ ಒತ್ತಿದ್ದರು. ಆ ಕಡೆಯಿಂದ, ‘ಹೂಂ. ಬೇಳೆ ಬೆಂದಿತ್ತಾ?’

ಹೀಗೆ ಶುರುವಾಯಿತು. ಬಸವರಾಜ ತಿಂಡಿ ಪೊಟ್ಟಣ ತಂದುಕೊಡುತ್ತಿದ್ದ, ಜೆರಾಕ್ಸ್ ಅಂಗಡಿಯವರು ಔಷಧಿ ತರುತ್ತಿದ್ದರು, ನಾನು ಧ್ವನಿ ತರುತ್ತಿದ್ದೆ. ಕೆಲವು ಸಂಜೆ ನಗು ತಡೆಯಲಾಗುತ್ತಿರಲಿಲ್ಲ. ಗೊಜ್ಜಿಗೆ ಏನೇನು ಹುರಿದೆ ಎಂದು ಅಜ್ಜಿ ಕೇಳಿದಾಗ ಮಿಸ್ ಬರೆಯುವ ಮೊದಲೇ ನಾನು ಬುದ್ಧಿವಂತಿಕೆ ತೋರಿಸಿ ‘ರವೆ’ ಎಂದುಬಿಟ್ಟೆ. ಮಿಸ್ ಸ್ಲೇಟಿನಿಂದ ನನ್ನ ತಲೆಗೆ ಮೊಟಕಿದರು.

ಆದರೆ ದಿನ ಕಳೆದಂತೆ ಅಜ್ಜಿಯ ಮಾತು ಅಡಿಗೆಯಿಂದ ಆಚೆ ಹೋಗತೊಡಗಿತು. ಪದ್ಮಳ ಮುಂದೆ ಹೇಳಬೇಡ, ರಾತ್ರಿ ನಿದ್ದೆ ಬರ್ತಿಲ್ಲ ಎಂದರು. ಬಚ್ಚಲಲ್ಲಿ ಕಾಲು ಜಾರಿತ್ತು, ಗೋಡೆ ಹಿಡ್ಕೊಂಡೆ, ಅವಳಿಗೆ ಹೇಳಿಲ್ಲ ಎಂದರು. ನಿಮ್ಮಪ್ಪನ ಮುಖ ನೆನಪು ಮಾಡ್ಕೊಂಡ್ರೆ ಕನ್ನಡಕ ಒಂದೇ ಕಾಣುತ್ತೆ, ಮುಖ ಬರೋದೇ ಇಲ್ಲ ಕಣೇ ಎಂದರು. ಇದನ್ನೆಲ್ಲ ಕೇಳಲು ನಾನು ಯಾರು? ನಾನು ತಲೆ ತಗ್ಗಿಸಿಕೊಂಡು ಕೂತಿರುತ್ತಿದ್ದೆ. ಮಿಸ್ ಬರೆದ ಉತ್ತರವನ್ನು ಓದುವಾಗ ಒಂದಕ್ಷರವೂ ಸೇರಿಸುತ್ತಿರಲಿಲ್ಲ, ಒಂದಕ್ಷರವೂ ಬಿಡುತ್ತಿರಲಿಲ್ಲ. ಅಷ್ಟು ಶ್ರದ್ಧೆಯಿಂದ ಯಾವ ಸ್ಟೇಜಿನ ಮೇಲೂ ನಾನು ಕೆಲಸ ಮಾಡಿಲ್ಲ.

ಒಂದು ಸಂಜೆ ಮಿಸ್ ಉದ್ದದ ಉತ್ತರವೊಂದನ್ನು ಬರೆಯುತ್ತಿದ್ದರು. ನಾನು ಕಾಯುತ್ತಿದ್ದೆ. ಫೋನಿನಲ್ಲಿ ಅಜ್ಜಿ ಮೆಲ್ಲಗೆ ಕೇಳಿದರು: ‘ಮಗು, ನೀನು ಯಾರಪ್ಪ?’

ಬಳಪ ನಿಂತಿತು.

‘ನಿಲ್ಲಿಸಬೇಡ ಅನ್ನು ಅವಳಿಗೆ. ಬರೀತಾ ಇರಲಿ’ ಎಂದರು ಅಜ್ಜಿ.

ನನ್ನ ಮೂಗಿನ ಧ್ವನಿ ತಾನಾಗಿ ಆಚೆ ಬಂತು. ‘ನಾನು ಕಿಟ್ಟಿ ಅಂತ, ಅಜ್ಜಿ. ಮಿಸ್ ಸ್ಟೂಡೆಂಟು. ಹೇಗೆ ಗೊತ್ತಾಯ್ತು?’

‘ಮೊದಲನೇ ದಿನಾನೇ ಗೊತ್ತಾಯ್ತು. ಧ್ವನಿ ಏನೋ ಅವಳದ್ದೇ ಕಣಪ್ಪ, ಚೆನ್ನಾಗಿ ಅಂತೀಯ. ಆದ್ರೆ ನನ್ನ ಹತ್ರ ಅವಳು ಇಷ್ಟು ಬಿಡಿಸಿ ಬಿಡಿಸಿ ಮಾತಾಡಲ್ಲ. ಅರ್ಧ ಅಂದು ಅರ್ಧ ನುಂಗ್ತಾಳೆ. ಮಿಕ್ಕಿದ್ದು ನಾನೇ ತಿಳ್ಕೋಬೇಕು. ನೀನು ನನಗೆ ಪಾಠ ಮಾಡ್ತಿದ್ದೆ.’

ನಾನು ಮಿಸ್ ಕಡೆ ನೋಡಿದೆ. ಅವರು ಮುಚ್ಚಿದ ಬಾಗಿಲ ಹಿಂದೆ ಮಾತಾಡುತ್ತಿದ್ದ ಧ್ವನಿ ನನಗೆ ಗೊತ್ತೇ ಇರಲಿಲ್ಲ. ನಾನು ಕಲಿತಿದ್ದದ್ದು ನಮಗೆಂದು ಅವರು ಇಟ್ಟುಕೊಂಡಿದ್ದ ಧ್ವನಿ. ಕೇಳುವವರು ಬದಲಾದರೆ ಧ್ವನಿಯೂ ಬದಲಾಗುತ್ತದೆ ಎಂಬುದು, ಧ್ವನಿಯನ್ನೇ ತಿಂದು ಬದುಕುವ ನನಗೆ ಹೊಳೆದಿರಲಿಲ್ಲ.

‘ಗೊತ್ತಿದ್ದೂ ಯಾಕಜ್ಜಿ ಸುಮ್ನಿದ್ರಿ?’

‘ಹೋಗಿಬಿಟ್ಟಿದ್ದಾಳೇನೋ, ನನಗೆ ಹೇಳ್ದೆ ಯಾರನ್ನೋ ಕೂರಿಸಿದ್ದಾರೇನೋ ಅಂದ್ಕೊಂಡೆ. ಫೋನ್ ಇಟ್ಟುಬಿಡೋಣ ಅನ್ನಿಸ್ತು. ಅಷ್ಟೊತ್ತಿಗೆ ಬಳಪ ಕಿರ್ರ್ ಅಂತು. ಅವಳಿಗೆ ಅಕ್ಷರ ತಿದ್ದಿಸಿದ್ದು ನಾನು. ದೀರ್ಘ ಎಳೆಯೋವಾಗ ಒತ್ತಿ ಎಳೀತಾಳೆ, ಸಣ್ಣವಳಿದ್ದಾಗಿಂದ ಹಾಗೇ. ಸರಿ, ಪಕ್ಕದಲ್ಲೇ ಇದ್ದಾಳೆ ಅಂತಾಯ್ತು. ನಾನು ಹೇಳಿದ್ದು ಕೇಳಿಸ್ಕೊತಾಳಲ್ಲ, ಸಾಕು ಅಂತ ಮಾತಾಡಿದೆ.’ ಆಮೇಲೆ, ‘ಏನಾಗಿದೆ ಅವಳಿಗೆ? ಬೇಡ, ನೀನು ಹೇಳಬೇಡ. ಅವಳೇ ಬರಲಿ’ ಎಂದರು.

 ಫೋನು ಇಟ್ಟ ಮೇಲೆ ಮಿಸ್ ಸ್ಲೇಟು ಒರೆಸಿ ಬರೆದರು: ‘ಷಿ ಕುಡ್ ಟೆಲ್.’ ಇಂಗ್ಲಿಷಿನಲ್ಲಿ ಟೆಲ್ ಎಂದರೆ ಗುರುತು ಹಿಡಿಯುವುದು ಎಂಬ ಅರ್ಥವೂ ಇದೆ. ಆ ಪಾಠಕ್ಕೆ ನಮ್ಮ ಕ್ಲಾಸು ಇನ್ನೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಗಾಂಧಿಬಜಾರಿನ ಧೂಳು ತಪ್ಪಿಸಿ ಒಳರಸ್ತೆಗಳಲ್ಲಿ ಹನುಮಂತನಗರಕ್ಕೆ ಕರೆದೊಯ್ದೆ. ಅಜ್ಜಿ ಕಿಟಕಿಯ ಹತ್ತಿರ ಮಂಚದ ಮೇಲೆ ಕೂತಿದ್ದರು. ಮಿಸ್ ಹೋಗಿ ಪಕ್ಕದಲ್ಲಿ ಕೂತರು. ಅಜ್ಜಿಯ ಕೈ ಮಗಳ ತಲೆಯಿಂದ ಇಳಿಯಿತು. ಹಣೆ, ಕೆನ್ನೆ, ಗಲ್ಲ. ಕತ್ತಿನ ಬಟ್ಟೆ ಸಿಕ್ಕಿದಾಗ ನಿಂತಿತು. ಮಿಸ್ ತಾವೇ ಬಟ್ಟೆ ಸರಿಸಿ ಆ ಅಂಗೈಯನ್ನು ರಂಧ್ರದ ಮುಂದೆ ಹಿಡಿದರು.  ‘ಉಸಿರು ಬಿಸಿ ಇದೆ’ ಎಂದರು ಅಜ್ಜಿ.

ಆಮೇಲೆ ಮಿಸ್ ಅಮ್ಮನ ಅಂಗೈ ಮೇಲೆ ಬೆರಳಿನಿಂದ ಬರೆಯತೊಡಗಿದರು. ಅಜ್ಜಿ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ‘ಗಂ... ಟ... ಲು.’ ಓದಿ ತಲೆಯಾಡಿಸಿದರು. ಮುಂದೆ ಏನು ಬರೆದರೋ, ಅದನ್ನು ಅಜ್ಜಿ ಓದಿ ಹೇಳಲಿಲ್ಲ. ಇಬ್ಬರೂ ಕೈ ಹಿಡಿದು ಕೂತರು. ಅಡಿಗೆಮನೆಯಲ್ಲಿ ಪದ್ಮಾ ಆಂಟಿ ಅಳುವುದು ಕೇಳಿಸುತ್ತಿತ್ತು. ‘ಇವಳೊಬ್ಬಳು. ನನಗೆ ಹೇಳಿದ್ರೆ ಸತ್ತುಹೋಗ್ತೀನಿ ಅಂದ್ಕೊಂಡಿದ್ಲು’ ಎಂದರು ಅಜ್ಜಿ. ತಿರುಗಿ ಮಗಳಿಗೆ, ‘ಒತ್ತಕ್ಷರ ಸರಿಯಾಗಿ ಬರಿಯೇ, ಕಚಗುಳಿ ಆಗುತ್ತೆ.’

ಮುಂದಿನ ತಿಂಗಳುಗಳಲ್ಲಿ ಭಾನುವಾರ ಭಾನುವಾರ ನಾನೇ ಅವರನ್ನು ಕರೆದುಕೊಂಡು ಹೋಗುತ್ತಿದ್ದೆ. ಬಾಗಿಲಲ್ಲೇ ನಾನು ಒಂದೊಂದು ದಿನ ಒಂದೊಂದು ಧ್ವನಿಯಲ್ಲಿ ಬಂದೆವು ಎಂದು ಕೂಗುವುದು, ಅಜ್ಜಿ ‘ಇವತ್ತು ಕಂಡಕ್ಟರು’, ‘ಇವತ್ತು ನಮ್ಮ ಪದ್ಮ, ಅವಳಿಗೆ ಹೇಳ್ತೀನಿ ತಾಳು’ ಎನ್ನುವುದು ರೂಢಿಯಾಯಿತು. ಮಿಸ್ ಭುಜ ಕುಣಿಸಿ ನಗುತ್ತಿದ್ದರು. ನಗುವಿಗೆ ಸದ್ದಿರಲಿಲ್ಲ, ಕತ್ತಿನ ಬಟ್ಟೆ ಮಾತ್ರ ಅಲುಗುತ್ತಿತ್ತು.

ಕಾಯಿಲೆ ಮತ್ತೆ ಬಂತು. ಈ ಸಲ ಮಿಸ್ ತಾವೇ ಹೋಗಿ ಅಮ್ಮನ ಅಂಗೈ ಮೇಲೆ ಬರೆದು ಬಂದು ಆಸ್ಪತ್ರೆ ಸೇರಿದರು. ನಾನು ಕೊನೆಯ ಸಲ ನೋಡಿದಾಗ ಬಳಪ ಹಿಡಿಯುವ ಶಕ್ತಿ ಇರಲಿಲ್ಲ. ನಾನು ಅವರದೇ ಧ್ವನಿಯಲ್ಲಿ ನರ್ಸಮ್ಮನಿಗೆ ಟೆಲ್ ಪಾಠ ಮಾಡಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು. ಬೆರಳೆತ್ತಿ ಗಾಳಿಯಲ್ಲಿ ಒಂದು ಸರಿ ಗುರುತು ಹಾಕಿದರು.

ಅದಾದ ಕೆಲವೇ ದಿನಕ್ಕೆ ಬೆಳಿಗ್ಗೆ ಪದ್ಮಾ ಆಂಟಿಯ ಫೋನು. ‘ಹೋಗಿಬಿಟ್ಳು ಕಿಟ್ಟಿ. ನಾನು ಆಸ್ಪತ್ರೆಯಿಂದ ಮನೆಗೆ ಬಂದು ಒಂದು ಗಂಟೆ ಆಯ್ತು. ಅಮ್ಮನ ಮುಂದೆ ಬಾಯೇ ಬರ್ತಿಲ್ಲ. ದಿನದ ಹಾಗೆ ಕಾಫಿ ಕೊಟ್ಟೆ, ಸ್ನಾನಕ್ಕೆ ಗೀಸರ್ ಹಾಕ್ದೆ. ನೀನು ಬಂದು ಹೇಳಪ್ಪ, ನಿನ್ನ ಕಾಲಿಗೆ ಬೀಳ್ತೀನಿ.’

ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಅಭ್ಯಾಸ ಮಾಡಿದೆ. ಡಾಕ್ಟರ ಧ್ವನಿಯಲ್ಲಿ, ಪುರೋಹಿತರ ಧ್ವನಿಯಲ್ಲಿ, ವಾರ್ತೆ ಓದುವವರ ಧ್ವನಿಯಲ್ಲಿ. ಯಾವುದರಲ್ಲಾದರೂ ಸುಲಭವಾದೀತು ಎಂದುಕೊಂಡೆ. ಯಾವ ಧ್ವನಿಯಲ್ಲೂ ಆ ಮಾತು ಕೂರಲಿಲ್ಲ.

ಬಾಗಿಲಲ್ಲಿ ನಾನೇನೂ ಕೂಗಲಿಲ್ಲ. ಚಪ್ಪಲಿ ಬಿಡುವ ಸದ್ದಿಗೆ ಅಜ್ಜಿ ಮುಖ ತಿರುಗಿಸಿದರು.

‘ಯಾರು?’

‘ನಾನು ಅಜ್ಜಿ. ಕಿಟ್ಟಿ.’

‘ಒಬ್ಬನೇ ಬಂದ್ಯಾ?’

‘ಹೂಂ.’

ಅವರು ಕಾಲು ಮಡಚಿಕೊಂಡು ಮಂಚದ ಮೇಲೆ ಜಾಗ ಮಾಡಿದರು. ಕೂತೆ. ಕೈ ಹಿಡಿದುಕೊಂಡೆ. ಮೂಗಿನಿಂದ ಬರುವ ನನ್ನ ಧ್ವನಿಯಲ್ಲಿ, ನಡುವೆ ಎರಡು ಕಡೆ ಮುರಿದು, ಹೇಳಿದೆ. ಅಜ್ಜಿ ಮಧ್ಯೆ ಬಾಯಿ ಹಾಕದೆ ಕೊನೆಯ ತನಕ ಕೇಳಿದರು. ಅಡಿಗೆಮನೆಯ ಬಾಗಿಲಲ್ಲಿ ಪದ್ಮಾ ಆಂಟಿ ಗೋಡೆಗೆ ಒರಗಿ ನಿಂತಿದ್ದರು. ಕೆಳಗೆ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು.

ಅಜ್ಜಿ ಸೆರಗು ಸರಿಮಾಡಿಕೊಂಡು ಮಂಚದಿಂದ ಕಾಲು ಕೆಳಗಿಟ್ಟರು.

‘ಪದ್ಮಾ, ಗೀಸರ್ ಆರಿಸು’ ಎಂದರು. ‘ಸ್ನಾನ ಅವಳನ್ನ ನೋಡಿ ಬಂದ ಮೇಲೆ.’